ಮಠದ ಹೆಸರಲ್ಲಿ ಬಂದ ರಾಜಿ

೨೧-೮-೧೯೯೮, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕಡಕೊಳದಲ್ಲಿ ನಮ್ಮ ಅಳಿಯ ಮಹದೇವಪ್ರಸಾದನಿಗೆ ಕಾರು ಗುದ್ದಿಸಿದ ಮಹಾಶಯ ಇಂದು ಹಣ್ಣಿನ ಬುಟ್ಟಿ, ಛಾಪಾ ಕಾಗದ ಹಿಡಿದು ಮನೆಗೇ ಬಂದ.

"ಒಂದೇ ಮಠದ ಭಕ್ತರು ಕಣ್ರೀ ನಾವು. ಕೋರ್ಟು ಯಾಕೆ? ಆಸ್ಪತ್ರೆ ಬಿಲ್ಲು ಕೊಡ್ತೀನಿ, ರಾಜಿಗೆ ರುಜು ಹಾಕ್ಬುಡಿ" ಎಂದ.

ಮಠದ ಹೆಸರು ಕೇಳಿದ್ದೇ ತಡ, ಮಂಚದ ಮೇಲಿದ್ದ ಅಳಿಯ ಪೆನ್ನು ಕೇಳಿದ! ಕಾಲಿಗೆ ಇನ್ನೊಂದು ಆಪರೇಷನ್ ಆಗಬೇಕು. ರುಜು ಹಾಕಿದರೆ ಪರಿಹಾರ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ.

"ಕಾರಿಗೆ ವಿಮೆ ಇರುತ್ತಲ್ಲ, ಅವರೇ ಕೊಡ್ತಾರೆ ಬುಡಿ" ಎಂದೆ. "ಈ ಸಲ ಕಟ್ಟಿಲ್ಲ ಕಣಮ್ಮ" ಎಂದು ಆತ ಬುಟ್ಟಿಯ ಹಣ್ಣು ಜೋಡಿಸತೊಡಗಿದ. ವಿಮೆ ಕಟ್ಟೇ ಇಲ್ಲ! ಅದಕ್ಕೇ ಮಠ ನೆನಪಾಗಿದೆ.

ಬುಟ್ಟಿ ಸಮೇತ ಕಳಿಸಿದೆ. "ಅತ್ತೆ, ಮಠದವರ ಮುಂದೆ ಮಾನ ಕಳೆದ್ರಲ್ಲ" ಎಂದು ಅಳಿಯ ಗೋಡೆಗೆ ಮುಖ ತಿರುಗಿಸಿ ಮಲಗಿದ್ದಾನೆ. ಮಲಗಲಿ. ನಾಳೆ ನಾನು ವಕೀಲರ ಮನೆಗೆ ಹೋದ ಹೊತ್ತಿಗೆ ಆ ಮನುಷ್ಯ ಮತ್ತೆ ಬಂದರೆ, ರುಜು ಹಾಕದಂತೆ ಇವನ ಕೈ ಹಿಡಿಯುವವರು ಯಾರು?