ಹುಡುಗಿಯ ಅಳತೆಯ ಬೂಟು

ಅಪ್ಪಾಜಿ,

ನೀವು ಹೋದ ಮೇಲೆ ಮುಚ್ಚಿದ್ದ ನಮ್ಮ ಮಿಲಿಟರಿ ಅಂಗಡಿಯನ್ನು ಇವತ್ತು ನಾನೇ ತೆರೆದೆ. ಸೈನ್ಯದ ಹರಾಜಿನಲ್ಲಿ ಕೊಂಡ ಕಂಬಳಿ, ಬೂಟುಗಳನ್ನು ತಾತ ಅರಸೀಕೆರೆ ಸ್ಟೇಷನ್ ಎದುರು ಮಾರಲು ಶುರುಮಾಡಿದ ಜಾಗವದು. ಮೊಬೈಲ್ ಅಂಗಡಿಗೆ ಬಾಡಿಗೆ ಕೊಡೋಣವೆಂದು ಚಿಕ್ಕಪ್ಪ ಬೀಗದ ಕೈ ಕೇಳಲು ಬಂದರು.

"ಹೆಣ್ಣುಮಗಳು ಗಲ್ಲಾ ಮೇಲೆ ಕೂತ್ರೆ ಯಾರು ಬತ್ತಾರೆ, ಸ್ವಾತಿ?"

ನೀವೂ ಹಾಗೇ ಅನ್ನುತ್ತಿದ್ದಿರಿ.

ಅಷ್ಟರಲ್ಲಿ ಸೈನ್ಯದ ಭರ್ತಿಗೆ ತಯಾರಾಗುತ್ತಿರುವ ಜಾವಗಲ್‌ನ ಹುಡುಗಿಯೊಬ್ಬಳು ಬಂದಳು. "ಅಕ್ಕಾ, ನನ್ನ ಕಾಲಿಗಾಗೋ ಬೂಟು ಐತಾ?"

ಇರಲಿಲ್ಲ. ತಾತನ ಕಾಲದಿಂದಲೂ ನಾವು ಗಂಡಸರ ಅಳತೆಯನ್ನೇ ತಂದವರು. "ಮುಂದಿನ ವಾರ ಬಾ, ತಂದಿಟ್ಟಿರ್ತೀನಿ," ಎಂದೆ.

ಬೀಗದ ಕೈ ಕೊಡಲಿಲ್ಲ. ನಾಳೆ ಸರಕು ತರಲು ಬೆಂಗಳೂರಿಗೆ ಹೊರಟಿದ್ದೇನೆ. ಒಂದು ಸಲವಾದರೂ ನೀವು ಜೊತೆಗೆ ಕರೆದೊಯ್ದಿದ್ದರೆ ಅಲ್ಲಿನ ವ್ಯಾಪಾರಿಗಳ ಪರಿಚಯವಿರುತ್ತಿತ್ತು. ಇರಲಿ, ಕೇಳಿಕೊಂಡು ಹೋಗುತ್ತೇನೆ.

ನಿಮ್ಮ ಸ್ವಾತಿ