ಆ ಟೋಪಿಯನ್ನು ಒಗೆಯಬೇಡಿ

ಜಿಲ್ಲೆಯ ದೊರೆಗಳಾದ ಮಾನ್ಯರೇ,

ನನ್ನ ಸೋದರಳಿಯ ಕೊಬಿನಾನದು ಎಂದು ತಾವು ಕಳಿಸಿಕೊಟ್ಟ ಟೋಪಿ ಅವನದಲ್ಲ. ಇದನ್ನು ತಮ್ಮ ಮೇಜಿನೆದುರು ನಿಂತು ಹೇಳಿದೆ. ಯುದ್ಧ ಗೆದ್ದ ಸರ್ಕಾರ ಟೋಪಿಗಳನ್ನು ಅದಲುಬದಲು ಮಾಡುವುದಿಲ್ಲ ಎಂದು ನಕ್ಕಿರಿ. ಅದಕ್ಕೇ ಈಗ ಕರಾವಳಿಯೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಸಂಗತಿಯನ್ನು ಮೊದಲು ಹೇಳಿದವಳು ನನ್ನ ಅಕ್ಕ ಅಬಾ. ಹೋದ ಮಂಗಳವಾರ, ದೋಣಿಗಳು ಕಡಲಿಗಿಳಿಯದ ದಿನ, ಸಂಜೆ ಮೀನಿಗೆ ಹೊಗೆ ಕೊಡುವ ಒಲೆಗಳ ಬಳಿ ಹೇಳಿದಳು. ಆದರೆ ತಮಗೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮವರು ಪರಸ್ಥಳದಲ್ಲಿ ಸತ್ತರೆ ಅವರ ಕೂದಲೋ ಉಗುರೋ ಮನೆಗೆ ಬರಬೇಕು. ಬಿಳಿ ಬಟ್ಟೆಯಲ್ಲಿ ಸುತ್ತಿ ಹೂಳಿದರೆ ಸತ್ತವನು ಊರು ಸೇರಿದ ಹಾಗೆ. ಇಲ್ಲವಾದರೆ ಅವನು ಇನ್ನೂ ದಾರಿಯಲ್ಲೇ ಇದ್ದಾನೆ.

ಕೊಬಿನಾ ತಮ್ಮ ವಿಮಾನದಳಕ್ಕೆ ಹೊರಟ ದಿನ ಅಂಗಳದಲ್ಲಿ ಕೂತು ತನ್ನ ಕಪ್ಪು ಗುಂಗುರುಗೂದಲು ಕತ್ತರಿಸಿಕೊಂಡ. ಅಬಾ ಅವನ ತಾಯಿ, ಅಂದರೆ ನಮ್ಮ ತಂಗಿಯ ಕಿವಿಯಲ್ಲಿ, "ಎಕುವಾ, ಒಂದು ಚಿಟಿಕೆ ಎತ್ತಿಟ್ಕೊಳ್ಳೇ. ಹಾರೋ ಕೆಲಸ," ಎಂದಳು.

"ನಿನ್ನ ಬಾಯಿಗೆ ಮರಳು ಹಾಕ! ಬದುಕಿರೋ ಮಗನ ಕೂದಲು ಇಟ್ಕೊಂಡು ಸಾವು ಕರೀಲಾ?" ಎಂದು ಎಕುವಾ ಒಂದೆಳೆ ಬಿಡದೆ ಗುಡಿಸಿ ಕಡಲಿಗೆ ಎಸೆದು ಬಂದಳು.

"ಅಮ್ಮಾ, ತಲೇಲಿರೋದನ್ನಾದ್ರೂ ಬಿಡೇ, ಅಲ್ಲಿ ಚಳಿಯಂತೆ!" ಎಂದು ಹುಡುಗ ನಕ್ಕ. ಆ ನಗು ಇನ್ನೂ ಅಂಗಳದಲ್ಲಿದೆ ಮಾನ್ಯರೇ.

ಅವನು ಶತ್ರುವಿನ ಗುಂಡಿಗೆ ಸಾಯಲಿಲ್ಲ. ತಮ್ಮ ದೇಶದಲ್ಲೇ, ಅಭ್ಯಾಸದ ಹಾರಾಟದಲ್ಲಿ, ಮಂಜು ಮುಚ್ಚಿದ ಗುಡ್ಡಕ್ಕೆ ವಿಮಾನ ಬಡಿದು ಸತ್ತ. ವಿಮಾನ ನಡೆಸುತ್ತಿದ್ದ ಬಿಳಿಯ ಹುಡುಗನೂ ಜೊತೆಯಲ್ಲೇ ಹೋದ. ಕೊಬಿನಾನಿಗೆ ಇಪ್ಪತ್ತೊಂದು ವರ್ಷ. ಆ ಹುಡುಗನಿಗೂ ಅಷ್ಟೇ ಇದ್ದೀತು. ಹೂಳುವ ಮೊದಲು ಒಂದು ಕುಚ್ಚು ಕೂದಲು ತೆಗೆಸಿಕೊಡಿ ಎಂದು ಬೇಡಿದೆವು. ಇಂಥ ಅನಾಗರಿಕ ಬೇಡಿಕೆಯನ್ನು ಮೇಲಕ್ಕೆ ಕಳಿಸಲಾಗದು ಎಂದಿರಿ. ಶಾಲೆಯ ಬಹುಮಾನದ ದಿನ ತಮ್ಮ ಪತ್ನಿಯವರು ಕೊರಳ ಪದಕವನ್ನು ತೆರೆದು, ತೀರಿಹೋದ ಅಜ್ಜಿಯ ಕೂದಲನ್ನು ನಮ್ಮ ಹೆಣ್ಣುಮಕ್ಕಳಿಗೆ ತೋರಿಸಿದ್ದರಲ್ಲ, ಅದು ನಾಗರಿಕತೆ ಇರಬೇಕು. ಚಿನ್ನದೊಳಗಿದ್ದರೆ ಪ್ರೀತಿ, ಬಿಳಿ ಬಟ್ಟೆಯೊಳಗಿದ್ದರೆ ಮೌಢ್ಯವೇ?

ಯುದ್ಧ ಮುಗಿದ ಮೇಲೆ ಟೋಪಿ ಬಂತು. ಎಕುವಾ ಅಳಲಿಲ್ಲ. ಬಿಸಿಲಿಗೆ ಕೂತು ಅದರ ಒಳಪಟ್ಟಿಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದಳು. ಅಂದು ಸಂಜೆಯೇ ಅಬಾ ಒಲೆಗಳ ಬಳಿ ಬಂದು ಹೇಳಿದ್ದು:

"ಸಿಕ್ತು ಕಣ್ರೇ, ಒಂದೇ ಒಂದೆಳೆ. ಎಳೇ ಮೆಕ್ಕೆಜೋಳದ ತೆನೆ ಕೂದಲಿನ ಹಾಗೆ, ಹಳದಿ."

"ಚಳಿಗೆ ಬಣ್ಣ ಬಿಟ್ಟಿರಬೋದು, ಅತ್ತೇ," ಎಂದಳು ಒಬ್ಬಳು, ಆಸೆಯಿಂದ.

"ಸುರುಳಿನೂ ಬಿಟ್ಹೋಯ್ತೇನೇ ಹುಚ್ಚಿ?"

ಯಾರೋ ನಕ್ಕರು, ಆಮೇಲೆ ಎಲ್ಲರೂ ಅತ್ತರು. ಬಾಗಿಲಲ್ಲಿ ನಿಂತಿದ್ದ ಎಕುವಾ ಮಾತ್ರ ನಿಧಾನವಾಗಿ ಹೇಳಿದಳು: "ಹಾಗಾದ್ರೆ ನನ್ನ ಮಗನ ಟೋಪಿ ಆ ಬಿಳಿ ಹುಡುಗನ ತಾಯಿ ಹತ್ರ ಇದೆ. ಅವಳೂ ತಾಯಿ ಅಲ್ವಾ, ಒಗೆದು ಇಸ್ತ್ರಿ ಮಾಡಿ ಎತ್ತಿಡೋಕೆ ಹೋಗ್ತಾಳೆ. ಅಣ್ಣಾ, ಬೇಗ ಹೇಳಿಕಳಿಸೋ."

ಹಾರುವವರು ಚರ್ಮದ ಟೊಪ್ಪಿಗೆ ತೊಟ್ಟು, ಬಟ್ಟೆಯ ಟೋಪಿಯನ್ನು ಮೊಳೆಗೆ ಹಾಕಿ ಹೋಗುತ್ತಾರಂತೆ. ಅಕ್ಕಪಕ್ಕದ ಎರಡು ಮೊಳೆ, ವಾಪಸು ಬಾರದ ಇಬ್ಬರು ಹುಡುಗರು. ಅವರ ಸಾಮಾನಿನ ಗಂಟು ಕಟ್ಟಿದವನ ಕೈ ತಪ್ಪಿದ್ದರೆ ಅವನ ಮೇಲೆ ನಮಗೆ ಕೋಪವಿಲ್ಲ. ಅದು ತಪ್ಪಲು ಸಾಧ್ಯವೇ ಇಲ್ಲ ಎನ್ನುವ ತಮ್ಮ ಮೇಲಿದೆ.

ನಾವು ಕೇಳುವುದು ಪದಕವಲ್ಲ, ಪರಿಹಾರವಲ್ಲ. ಆ ತಾಯಿ ಯಾರೆಂದು ಹುಡುಕಿ, ಇಂದೇ ತಂತಿ ಕಳಿಸಿ: ಅಮ್ಮಾ, ಆ ಟೋಪಿಯನ್ನು ಒಗೆಯಬೇಡಿ, ಕೊಡವಬೇಡಿ, ಹಾಗೇ ಕಳಿಸಿಕೊಡಿ. ನಿಮ್ಮ ಮಗನ ಕೂದಲೆಳೆ ಎಕುವಾಳ ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆಯೊಳಗೆ ಜೋಪಾನವಾಗಿದೆ.

ಅಬಾ ಹೇಳಿದ್ದನ್ನು ಕೇಳಿದವರ ಮನೆಯ ಗಂಡಸರು ಮರುದಿನ ಬೆಳಿಗ್ಗೆ ಕಡಲಿಗೆ ಹೋಗಲಿಲ್ಲ. ಹೆಂಗಸರು ಒಲೆ ಹಚ್ಚಲಿಲ್ಲ. ಎಲ್ಲರೂ ಸೇರಿ ನಮ್ಮ ಹಿರಿಯರ ಸಮಾಧಿಗಳ ಪಕ್ಕದಲ್ಲಿ, ಒಂದು ಟೋಪಿ ಹಿಡಿಸುವಷ್ಟು ಗುಂಡಿ ತೋಡಿ, ಮರಳು ಜಾರದಂತೆ ತಾಳೆಗರಿ ಹೊದಿಸಿ ಬಂದರು. ಅದು ಇನ್ನೂ ತೆರೆದೇ ಇದೆ.

ಇಂತಿ,
ತನ್ನ ನಂತರ ಮನೆ ನಡೆಸಬೇಕಾಗಿದ್ದವನಿಗಾಗಿ ಗುಂಡಿ ಕಾಯುತ್ತಿರುವ ಸೋದರಮಾವ,
ಕ್ವಾಮೆನಾ ಅನ್ಸಾ