ಇಪ್ಪತ್ತು ಡಿಗ್ರಿಯ ಹುಳಗಳು

ಮೇ 2, ಶುಕ್ರವಾರ
ಲ್ಯಾಬಿನಲ್ಲಿ ಹುಳಗಳನ್ನು ಹೊಸ ಪ್ಲೇಟುಗಳಿಗೆ ಬಿಟ್ಟಾಯಿತು. ಒಂದು ಮಿಲಿಮೀಟರ್ ಉದ್ದ. ಮೈಕ್ರೋಸ್ಕೋಪ್ ಇಲ್ಲದಿದ್ದರೆ ಬರೀ ಬಿಳಿ ಚುಕ್ಕಿ. ಅರ್ಧ ಪ್ಲೇಟುಗಳಿಗೆ ನ್ಯಾನೋ ತಾಮ್ರ ಎಂಬ ಅತಿ ಸಣ್ಣ ಪುಡಿ, ಉಳಿದವಕ್ಕೆ ಏನೂ ಇಲ್ಲ. ಎಷ್ಟು ಮರಿಯಾಯಿತು ಎಂದು ಎಣಿಸುವುದು ನನ್ನ ಕೆಲಸ. ಅಡಿಕೆಯ ಕೊಳೆರೋಗಕ್ಕೆ ಹೊಸ ಔಷಧಿ ಈ ತಾಮ್ರ. ಹುಳಕ್ಕೆ ತೊಂದರೆಯಿಲ್ಲವೆಂದಾದರೆ ಮುತ್ತಿನಕೊಪ್ಪದ ತೋಟದಲ್ಲಿ ಮೊದಲ ಸ್ಪ್ರೇ. ಮರ ಹತ್ತಿ ಹೊಡೆಯುವವರಲ್ಲಿ ಜಟ್ಟಪ್ಪ ಭಾವನೂ ಒಬ್ಬರು. ಅವರಿಗೆ ನಗು — "ಹುಳ ಎಣಿಸೂಕೂ ಸಂಬಳ ಕೊಡ್ತಾರಾ ಮಾರಾಯ?"

ಮೇ 4, ಭಾನುವಾರ, ಮಧ್ಯಾಹ್ನ
ಒಮ್ಮೆ ನೋಡಿ ಬರೋಣವೆಂದು ಲ್ಯಾಬಿಗೆ ಹೋದೆ. ಹುಳಗಳನ್ನಿಟ್ಟಿದ್ದ ಇನ್‌ಕ್ಯುಬೇಟರ್ ಪೆಟ್ಟಿಗೆ ಆಫ್ ಆಗಿತ್ತು. ಇಪ್ಪತ್ತು ಡಿಗ್ರಿ ಇರಬೇಕಾದ್ದು, ಒಳಗಿನ ಥರ್ಮಾಮೀಟರಿನಲ್ಲಿ ಇಪ್ಪತ್ತೊಂಬತ್ತು. ನಿನ್ನೆ ಫೋನ್ ಚಾರ್ಜಿಗಿಡಲು ಪ್ಲಗ್ ಕಿತ್ತವನು ನಾನೇ... ವಾಪಸ್ ಹಾಕಿರಲಿಲ್ಲ. ಈಗ ಹಾಕಿದೆ. ದಿನದ ಉಷ್ಣತೆ ಬರೆಯುವ ಪುಸ್ತಕದಲ್ಲಿ 20 ಎಂದೇ ಬರೆದೆ. ಯಾರೂ ನೋಡಲಿಲ್ಲ.

ಮೇ 7, ಬುಧವಾರ
ಎಣಿಕೆ ಮುಗಿಯಿತು. ತಾಮ್ರ ಹಾಕಿದ ಹುಳಕ್ಕೆ ಸರಾಸರಿ 90 ಮರಿ. ಹಾಕದ್ದಕ್ಕೆ 94. ಏನೂ ಹಾಕದ ಹುಳಕ್ಕೆ ಯಾವಾಗಲೂ ಇನ್ನೂರೈವತ್ತು ದಾಟುತ್ತಿತ್ತು. ಲ್ಯಾಬ್ ನೋಡಿಕೊಳ್ಳುವ ನಿಶ್ಚಿತಾ ಮೇಡಂ ಹಾಳೆಯನ್ನು ಎರಡು ಸಲ ನೋಡಿದರು.
"ಈ ಸಲ ಎಲ್ಲಾ ಕಮ್ಮಿ ಇದೆಯಲ್ಲ ಸುಂದರೇಶಣ್ಣ. ಹುಳಾನೇ ಸೊರಗಿದ್ವೇನೋ. ಇರ್ಲಿ, ಎರಡಕ್ಕೂ ವ್ಯತ್ಯಾಸ ಇಲ್ಲ."
ತಾಮ್ರದಿಂದ ತೊಂದರೆಯಿಲ್ಲವೆಂದು ವರದಿ ಹೋಯಿತು. ನಾನು ಪ್ಲೇಟ್ ತೊಳೆಯುತ್ತಾ ನಿಂತಿದ್ದೆ.

ಮೇ 9, ಶುಕ್ರವಾರ
ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಭಾವ ಸಿಕ್ಕರು. ಖುಷಿಯಲ್ಲಿದ್ದರು.
"ಸೋಮವಾರ ಸ್ಪ್ರೇ. ಗ್ಲೌಸು ಗೀಸು ಎಂತದೂ ಬ್ಯಾಡ ಅಂದ್ರು ತೋಟದವ್ರು. ನಿಮ್ಮ ಲ್ಯಾಬಲ್ಲೇ ಪಾಸಾಗಿದ್ಯಂತಲ್ಲ. ನೀನೇ ಎಣಿಸಿದ್ದಾ?"
"ಹೂಂ."
"ಹಂಗಾದ್ರೆ ಆತು ಬಿಡು."
ಅವರೂರು ಭಂಡಿಗಡಿಯ ಬಸ್ ಬಂತು. ಹತ್ತಿ ಹೋದರು.

ಮೇ 10, ಶನಿವಾರ
ಮೇಡಂ ಬರುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಪ್ಲಗ್ಗಿನ ವಿಷಯ ಹೇಳಿದೆ. ಸೆಕೆಗೆ ಎರಡೂ ಕಡೆ ಮರಿ ಕಡಿಮೆಯಾಗಿರಬೇಕು, ತಾಮ್ರದ್ದು ಏನೆಂದು ಗೊತ್ತೇ ಆಗಿಲ್ಲ ಎಂದೂ ಹೇಳಿದೆ.
"ಪುಸ್ತಕದಲ್ಲಿ ಇಪ್ಪತ್ತು ಅಂತಿದೆ."
"ಸುಳ್ಳು ಬರೆದೆ ಮೇಡಂ."
ಮೇಡಂ ಪುಸ್ತಕ ತೆರೆದು ಆ ಪುಟ ನೋಡಿದರು. ಆಮೇಲೆ ಫೋನ್ ತೆಗೆದುಕೊಂಡು ಹೊರಗೆ ಹೋದರು. ಕೇಳಿಸಿತು — "ಇಲ್ಲ, ಸೋಮವಾರ ಬೇಡ. ತಪ್ಪು ನಮ್ಮ ಲ್ಯಾಬಿಂದು."
ನಮ್ಮ ಲ್ಯಾಬಿಂದು ಅಂದರು. ನನ್ನ ಹೆಸರು ಹೇಳಲಿಲ್ಲ.
ಒಳಗೆ ಬಂದು ಇಷ್ಟೇ — "ಮೊದಲಿಂದ ಶುರು ಮಾಡಿ." ಕೆಲಸ ಉಳಿಯುತ್ತದೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ಮೇ 21, ಬುಧವಾರ
ಹಾಕದ್ದು 262. ತಾಮ್ರ ಹಾಕಿದ್ದು 118. ಮೇಡಂ ತಾವೂ ಕೂತು ಎಣಿಸಿದರು. ಇನ್ನು ನಾನು ಎಣಿಸಿದ್ದನ್ನು ಅವರೂ ಮತ್ತೆ ಎಣಿಸುತ್ತಾರೆ, ಬೇಜಾರಿಲ್ಲ. ತಾಮ್ರದ್ದು ಅವರಿಗೆ 119 ಬಂತು. ಮನುಷ್ಯರಿಗೆ ಏನಾಗುತ್ತದೆ ಎಂದು ಹುಳ ಹೇಳುವುದಿಲ್ಲವಂತೆ. ಆದರೆ ಇನ್ನಷ್ಟು ಪರೀಕ್ಷೆಯಾಗದೆ ಯಾರ ಕೈಗೂ ಕೊಡುವಂತಿಲ್ಲ. ಸ್ಪ್ರೇ ನಿಂತಿತು.
ಹೊರಡುವಾಗ ಮೇಡಂ — "ನಾಳೆ ರಜ ಹಾಕ್ಬೇಡಿ, ಕೆಲಸ ತುಂಬಾ ಇದೆ."

ಮೇ 25, ಭಾನುವಾರ
ಭಂಡಿಗಡಿಗೆ ಹೋಗಿ ಭಾವನಿಗೆ ಎಲ್ಲಾ ಹೇಳಿದೆ. ಕಾಫಿ ಲೋಟ ಪಕ್ಕಕ್ಕಿಟ್ಟರು.
"ಅವತ್ತು ಬಸ್‌ಸ್ಟ್ಯಾಂಡಲ್ಲಿ ಕೇಳಿದ್ನಲ್ಲ ಮಾರಾಯ."
ಹೌದು, ಕೇಳಿದ್ದರು. ನಾನು ಬರೀ ಹೂಂ ಎಂದಿದ್ದೆ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ಭಾವ ಎದ್ದು ಹೋಗಿ ಕೂತರು. ಪಕ್ಕದ ಮಣೆ ನನ್ನ ಕಡೆಗೆ ಸರಿಸಿದರು. ಊಟ ಮಾಡಿ ಬಂದೆ. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಾದರೂ ಬರೆಯುತ್ತೇನೆ — ಅವತ್ತೇ ಹೇಳಬೇಕಿತ್ತು ಭಾವ, ಕೆಲಸ ಹೋಗುತ್ತದೆಂದು ಹೆದರಿದೆ.